ಕಿವಿರಿಲ್ಲದ್ದನ್ನು ನೋಡುವುದು

ಮೀನಾದರೆ ಸುಲಭ.
ಕಿವಿರು ಎತ್ತಿದರೆ ಮುಗಿಯಿತು:
ಕೆಂಪಿದ್ದರೆ ಇಂದಿನದು, ಕಂದಿದ್ದರೆ ನಿನ್ನೆಯದು,
ಬೂದಿಬಣ್ಣವಿದ್ದರೆ ಮಾರುವವಳ ಬಾಯಿ ಜೋರು.
ಮಲ್ಪೆಯ ದಕ್ಕೆಯಲ್ಲಿ ನನ್ನ ದೊಡ್ಡಮ್ಮ ಅಪ್ಪಿ
ಹೆಬ್ಬೆರಳಲ್ಲಿ ಒಮ್ಮೆ ಒತ್ತಿ
ಬಂಗುಡೆಯ ಜಾತಕ ಹೇಳುತ್ತಿದ್ದಳು.

ಇದು ಗ್ರಿಮ್ಸ್‌ಬಿ, ಫೆಬ್ರವರಿ.
ಪಕ್ಕದ ಮನೆಯ ಗ್ಲೆನಿಸ್ ಅಡುಗೆಕಟ್ಟೆಗೆ
ಹಳೆಯ ಪತ್ರಿಕೆ ಹಾಸಿ
ಇಪ್ಪತ್ತೈದು ಇಲಿಗಳ ಚೀಲ ಸುರಿದಳು, ಕಣ್ಣು ಮುಚ್ಚಿ.
ಜಲ್ಲಿ ಸುರಿದ ಸದ್ದು.
"ವರಿ," ಎಂದಳು. ವಾರಿಜ ಅನ್ನಲು ನಾಲಿಗೆ ತಿರುಗದೆ
ಹನ್ನೊಂದು ವರ್ಷದಿಂದ ನಾನು ಅವಳ ಚಿಂತೆ.
"ನೀನು ಮೀನಿನ ಕಾರ್ಖಾನೆಯವಳು, ನೀನೇ ನೋಡು.
ಬ್ಯಾರಿ ಇದ್ದಾಗ ಎಲ್ಲ ಅವನೇ ನೋಡುತ್ತಿದ್ದ."

ಬ್ಯಾರಿ ಈಗ ಇಲ್ಲ. ಹಾವು ಇದೆ.
ಹೆಸರು ಡೋರೀನ್. ಅವನ ಅತ್ತೆಯ ಹೆಸರು, ಬೇಕೆಂದೇ ಇಟ್ಟದ್ದು.
ಇಪ್ಪತ್ತೆರಡು ವರ್ಷದ ಹೆಬ್ಬಾವು
ಗಾಜಿನ ಪೆಟ್ಟಿಗೆಯಲ್ಲಿ ಚಕ್ಕುಲಿ ಸುತ್ತಿ ಮಲಗಿದೆ.
ಹೋದ ತಿಂಗಳು ನುಂಗಿದ್ದನ್ನು ಮೂರನೆಯ ದಿನ ಕಕ್ಕಿತಂತೆ.
ಗ್ಲೆನಿಸ್‌ಗೆ ಹಾವಿನ ಭಯವಿಲ್ಲ. ಇಲಿಯ ಭಯ.
ಸತ್ತದ್ದೂ ಸರಿ, ಕಲ್ಲಾದದ್ದೂ ಸರಿ.

ಕೈಗವಸು ಹಾಕಿದೆ.
ಕಿವಿರಿಲ್ಲ, ಹುರುಪೆಯಿಲ್ಲ, ಎಲ್ಲಿಂದ ಶುರು?
ಹೊಟ್ಟೆಯಿಂದ, ಅಂದಿತು ಕೈ.
ಹೊಟ್ಟೆ ಸುಳ್ಳು ಹೇಳದು, ಯಾರದ್ದೇ ಆಗಲಿ.
ಬಿಳಿ ರೋಮದ ಕೆಳಗೆ ಹಸಿರು ಇಣುಕಿದರೆ
ಸಾವು ಸಂಜೆಗೇ ಬಂದಿತ್ತು,
ಐಸು ಬಂದದ್ದು ಮರುದಿನ.
ಆಚೆ ಇಟ್ಟೆ.
ರೋಮ ಅಂಟಂಟಾಗಿ ಹಳದಿ ಹಿಡಿದದ್ದು
ಬದುಕಿದ್ದಾಗಲೇ ಒದ್ದೆಯಲ್ಲಿ ಮಲಗಿದ್ದು.
ಸಾಕಿದವನು ಗೂಡು ಬಳಿಯಲಿಲ್ಲ. ಅದೂ ಆಚೆ.
ಬಾಲದ ತುದಿ, ಕಿವಿಯ ಅಂಚು
ಹಪ್ಪಳದಂತೆ ಒಣಗಿದ್ದರೆ ಅದು ಸುಟ್ಟದ್ದು,
ತಣ್ಣಗೇ ಸುಟ್ಟದ್ದು, ಚೀಲದೊಳಗೆ ಉಳಿದ ಗಾಳಿಗೆ.
ನಮ್ಮ ಲೈನಿನಲ್ಲಿ ಇಂಥ ಹ್ಯಾಡಕ್ ಬಂದರೆ
ಸೂಪರ್‌ವೈಸರ್ ಕ್ರೇಗ್ ಆಚೀಚೆ ನೋಡಿ
ಬ್ರೆಡ್ಡಿನ ಪುಡಿ ಒಂದು ಕೈ ಹೆಚ್ಚು ಹಾಕಿಸುತ್ತಾನೆ.
ಡೋರೀನ್‌ಗೆ ಬ್ರೆಡ್ಡಿನ ಪುಡಿ ಇಲ್ಲ,
ಹುಳಿಯಿಲ್ಲ, ಮೆಣಸಿಲ್ಲ,
ಮೂಗಿನಿಂದ ಬಾಲದವರೆಗೆ ನಂಬಿ ನುಂಗಬೇಕು.

ತೂಗಿದೆ, ಅವಳು ಕೇಕಿಗೆ ಹಿಟ್ಟು ತೂಗುವ ತಕ್ಕಡಿಯಲ್ಲೇ.
(ಹೇಳಲಿಲ್ಲ.)
ಚೀಲದ ಮೇಲೆ ಎಂಬತ್ತು ಗ್ರಾಂ. ಮುಳ್ಳು ಅರವತ್ತೆರಡಕ್ಕೆ ನಿಂತಿತು.
ಸದ್ಯ, ಇಲ್ಲೂ ಒಂದು ದಕ್ಕೆ ಇದೆ.

"ಒಳ್ಳೆಯದು ಅಂದರೆ ಹೇಗಿರುತ್ತೆ?"
ಕೇಳಿದಳು ಬಾಗಿಲಾಚೆಯಿಂದ, ಬೆನ್ನು ತಿರುಗಿಸಿ.
"ನಿದ್ದೆ ಹೋದ ಹಾಗೆ," ಎಂದೆ.
"ಅಲ್ಲ, ತಪ್ಪು. ನಿದ್ದೆಯಾದರೆ ಮುದುಡಿರುತ್ತಿತ್ತು.
ಇದನ್ನು ಯಾರೋ ಕೈಯಾರೆ ನೇರ ಮಾಡಿ ಇಟ್ಟಿದ್ದಾರೆ.
ಮೂಗಲ್ಲಿ ರಕ್ತವಿಲ್ಲ. ಮೀಸೆ ಒಂದೊಂದೂ ಇದೆ."
ಅವಳು ಮಾತಾಡಲಿಲ್ಲ.
ಆಸ್ಪತ್ರೆಯಲ್ಲಿ ಬ್ಯಾರಿಯನ್ನೂ ಒಬ್ಬ ನರ್ಸು
ಹಾಗೆಯೇ ನೇರ ಮಾಡಿದ್ದಳು. ನಾನೂ ಇದ್ದೆ.
ನೆನಪಾದದ್ದು ಮಾತು ಬಾಯಿ ದಾಟಿದ ಮೇಲೆ.

ಹದಿನಾರು ಪಾಸು, ಒಂಬತ್ತು ಫೇಲು.
ಒಂದನ್ನು ಕವರಿನಲ್ಲಿ ಬಿಸಿನೀರಿಗೆ ಇಳಿಸಿದೆವು.
ಕರಗಿದ ಹೊಟ್ಟೆ ಒಡೆಯಲಿಲ್ಲ, ನಾತ ಬರಲಿಲ್ಲ.
ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದೆ.
ಸೀಳುನಾಲಿಗೆ ಎರಡು ಸಲ ಬಂದು ಹೋಯಿತು.
ಅಪ್ಪಿಯ ಹೆಬ್ಬೆರಳಿಗೂ ಇಷ್ಟು ಗಾಂಭೀರ್ಯ ಇರಲಿಲ್ಲ.
ನನ್ನ ಪರೀಕ್ಷೆಯನ್ನು ಪರೀಕ್ಷಿಸುತ್ತಿದೆ,
ನಾನು ಉಸಿರು ಹಿಡಿದು ನಿಂತೆ,
ಗ್ಲೆನಿಸ್ ಬಂದು ನನ್ನ ತೋಳು ಹಿಡಿದು ನಿಂತಳು.
ಆಮೇಲೆ ಅದು ಬಾಯಿ ತೆರೆಯಿತು.

ಗುರುವಾರ ಬೆಳಿಗ್ಗೆ ಕಸದ ಡಬ್ಬಿ ಉರುಳಿತ್ತು.
ಒಂಬತ್ತರಲ್ಲಿ ಒಂದೂ ಇಲ್ಲ.
ಬೇಲಿಯ ಮೇಲೆ ಕಡಲಹಕ್ಕಿಗಳು ಕೊಕ್ಕು ಒರೆಸುತ್ತಿದ್ದವು,
ದಕ್ಕೆಗೆ ಎಲ್ಲರೂ ಹೋದ ಮೇಲೆ ಬಂದು
ಕಿವಿರು ಎತ್ತದೆ, ಚೌಕಾಸಿ ಮಾಡದೆ
ಮಿಕ್ಕಿದ್ದೆಲ್ಲ ಸೆರಗಿಗೆ ಸುರಿಸಿಕೊಳ್ಳುವವರ ಹಾಗೆ.
ಅಪ್ಪಿ ಅವರನ್ನು ದೇವರು ಎನ್ನುತ್ತಿದ್ದಳು.